ನಕ್ಷೆ ಬರೆಯುವ ಮುಂಚೆ ಒಂದು ಬೆಳಗಿನ ಜಾವ ಬನ್ನಿ: ಮಾರುಕಟ್ಟೆ ಕಟ್ಟಲು ಹೊರಟವರಿಗೆ ಬಹಿರಂಗ ಪತ್ರ

ನಗರಾಡಳಿತ ನಡೆಸುವ ಮಾನ್ಯರಿಗೆ, ಯೋಜನಾ ಶಾಖೆಯ ಎಂಜಿನಿಯರುಗಳಿಗೆ, ಮತ್ತು ನನ್ನ ಹಾಗೆ ನಕ್ಷೆ ಬರೆದು ಹೊಟ್ಟೆ ಹೊರೆಯುವವರಿಗೆ,

ನಮಸ್ಕಾರ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹಲವು ವರ್ಷಗಳ ಹಿಂದೆ ನಾನೂ ಒಂದು ಮಾರುಕಟ್ಟೆಯ ನಕ್ಷೆ ಬರೆದೆ. ಎರಡು ಅಂತಸ್ತು. ಕೆಳಗೆ ತರಕಾರಿ, ಹಣ್ಣು, ಮೀನು. ಮೇಲೆ ಬಟ್ಟೆ, ಪಾತ್ರೆ, ಚಪ್ಪಲಿ. ಉದ್ಘಾಟನೆಯ ದಿನ ಕಟ್ಟಡ ಚೆನ್ನಾಗಿಯೇ ಕಾಣಿಸಿತು. ಫೋಟೊಗಳೂ ಬಂದವು. ಆರು ತಿಂಗಳಲ್ಲಿ ಮೇಲಿನ ಅಂತಸ್ತು ಖಾಲಿ. ಮೇಲಿದ್ದವರು ಒಬ್ಬೊಬ್ಬರಾಗಿ ಇಳಿದು ಬಂದರು. ಗೇಟಿನ ಮುಂದೆ ರಸ್ತೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಕೂತರು. ಅಂದರೆ ಕಟ್ಟಡ ಬರುವ ಮುಂಚೆ ಎಲ್ಲಿದ್ದರೋ ಅಲ್ಲಿಗೇ ವಾಪಸ್ಸು.

ಅವರಲ್ಲಿ ಒಬ್ಬ ಅಜ್ಜಿಯನ್ನು ಕೇಳಿದೆ, ಯಾಕಜ್ಜಿ ಮೇಲೆ ಕೂರಲಿಲ್ಲ ಅಂತ. "ನೀವು ದಿನಾ ಬಂದು, ಮೆಟ್ಟಿಲು ಹತ್ತಿ, ನನ್ನ ಹತ್ರ ಕೊಳ್ತೀರಾ ಹೇಳಿ. ಈಗಲೇ ಹೋಗಿ ಕೂರ್ತೀನಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ನಕ್ಷೆಯಲ್ಲಿ ನಾನು ಮಳಿಗೆ ಎಣಿಸಿದ್ದೆ, ಕಾರು ನಿಲ್ಲಿಸುವ ಜಾಗ ಎಣಿಸಿದ್ದೆ. ಗಿರಾಕಿಯ ಕಾಲು ಎತ್ತ ಹೋಗುತ್ತದೆ ಅಂತ ಮಾತ್ರ ನೋಡಿರಲಿಲ್ಲ.

ಈಗ ನೀವು ಸೌಲಭ್ಯ ತಲುಪದ ಬಡಾವಣೆಗಳಲ್ಲಿ ಸಾರ್ವಜನಿಕ ಮಾರುಕಟ್ಟೆ ಕಟ್ಟಬೇಕು ಅಂತ ಹೊರಟಿದ್ದೀರಿ. ಒಳ್ಳೆಯ ಕೆಲಸ. ಅದಕ್ಕೇ ಈ ಪತ್ರ. ನಾನು ಮಾಡಿದ ತಪ್ಪನ್ನೇ ನೀವು ಇನ್ನೂ ದೊಡ್ಡ ದುಡ್ಡಿನಲ್ಲಿ ಮಾಡಬಾರದು ಅನ್ನೋ ಆಸೆ.

ಹೇಳಬೇಕಾದ್ದು ಒಂದೇ. ಆ ಬಡಾವಣೆಯಲ್ಲಿ ಮಾರುಕಟ್ಟೆ ಆಗಲೇ ಇದೆ. ನಿಮ್ಮ ಕಡತದಲ್ಲಿ ಇಲ್ಲ, ಅಷ್ಟೇ. ಬಸ್ಸು ನಿಲ್ಲುವ ಕಡೆ, ಕಾರ್ಖಾನೆ ಬಿಡುವ ಗೇಟಿನ ಹತ್ತಿರ, ನೀರಿನ ಟ್ಯಾಂಕಿನ ಕೆಳಗೆ ಯಾರೋ ಕೂತು ಮಾರುತ್ತಿರುತ್ತಾರೆ. ಅವರಿಗೆ ಇಲ್ಲದ್ದು ನೀರು, ನೆರಳು, ಚರಂಡಿ, ಶೌಚಾಲಯ, ಮತ್ತು ನಾಳೆಯೂ ಇಲ್ಲೇ ಕೂರಬಹುದು ಅನ್ನುವ ಧೈರ್ಯ. ನಿಮ್ಮ ಕೆಲಸ ಇದನ್ನು ಕೊಡುವುದು. ಹೊಸ ಮಾರುಕಟ್ಟೆಯನ್ನು ಹುಟ್ಟಿಸುವುದು ಅಲ್ಲ.

ಇದು ನನ್ನ ಹುಚ್ಚು ಕಲ್ಪನೆ ಅಂದುಕೊಳ್ಳಬೇಡಿ. ಭಾರತದ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದಕ್ಕೊಂದು ಹೆಸರನ್ನೇ ಕೊಟ್ಟಿದೆ: ಸಹಜ ಮಾರುಕಟ್ಟೆ. ಕೊಳ್ಳುವವರು, ಮಾರುವವರು ಬಹಳ ಕಾಲದಿಂದ ತಾವಾಗಿ ಸೇರುತ್ತಾ ಬಂದಿರುವ ಜಾಗ. ಕಾಯ್ದೆಯ ಪ್ರಕಾರ ಮೊದಲು ಸಮೀಕ್ಷೆ ಆಗಬೇಕು. ಅದು ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆರಿಸಿದವರಾಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಬರೆಯುವುದು ಕಷ್ಟ. ನಡೆಸುವುದು ಬೇರೆ ಮಾತು, ಬಿಡಿ.

ಸಿಂಗಪುರದವರೂ ಎಣಿಕೆಯಿಂದಲೇ ಶುರು ಮಾಡಿದ್ದು. 1968-69ರಲ್ಲಿ ದ್ವೀಪದ ಉದ್ದಗಲಕ್ಕೂ ಬೀದಿಯಲ್ಲಿ ಮಾರುವವರ ಹೆಸರು ಬರೆದುಕೊಂಡರು. ಸುಮಾರು 18,000 ಜನ ಸಿಕ್ಕರು. ಅವರಿಗೆ ತಾತ್ಕಾಲಿಕ ಪರವಾನಗಿ ಕೊಟ್ಟರು. ಆಮೇಲೆ 1971ರಿಂದ ವಸತಿ ಬಡಾವಣೆಗಳ ಹತ್ತಿರವೇ ನಲ್ಲಿ, ವಿದ್ಯುತ್ತು, ಒಳಚರಂಡಿ ಇರುವ ಕೇಂದ್ರಗಳನ್ನು ಕಟ್ಟುತ್ತಾ ಹೋದರು. ಎಲ್ಲರನ್ನೂ ಒಳಗೆ ತರುವ ಹೊತ್ತಿಗೆ 1986 ಬಂತು. ನೋಡಿ, ಅಷ್ಟು ಬಿಗಿ ಆಡಳಿತವಿರುವ ಪುಟ್ಟ ದೇಶಕ್ಕೇ ಹದಿನೈದು ವರ್ಷದ ಮೇಲೆ ಹಿಡಿಯಿತು. ನೀವು ಒಂದು ಆರ್ಥಿಕ ವರ್ಷದಲ್ಲಿ ಮುಗಿಸುತ್ತೇವೆ ಅಂತೀರಿ. ಮಾರ್ಚ್ ಒಳಗೆ ಬಿಲ್ ಆಗಬೇಕು ಅನ್ನುವ ಅವಸರದಲ್ಲಿ ಕಟ್ಟಿದ್ದು ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೇ ಆಗುತ್ತದೆ.

ಎಣಿಕೆ ಅಂದರೆ ಬೆಳಿಗ್ಗೆ ಹನ್ನೊಂದಕ್ಕೆ ಜೀಪಿನಲ್ಲಿ ಬಂದು ತಲೆ ಎಣಿಸುವುದಲ್ಲ. ಬೆಳಗಿನ ಜಾವ ಮೂರಕ್ಕೆ ಬನ್ನಿ. ಸಗಟು ಲೋಡು ಇಳಿಯುವ ಹೊತ್ತು ಅದು. ಗಾಡಿ ಎಲ್ಲಿ ನಿಲ್ಲುತ್ತದೆ, ಹಮಾಲಿ ಎಷ್ಟು ದೂರ ಹೊರುತ್ತಾನೆ, ಚಿಲ್ಲರೆ ಮಾರುವವರು ಎಲ್ಲಿ ಕೂತು ಸೊಪ್ಪು ಬಿಡಿಸುತ್ತಾರೆ, ಕೊಳೆತದ್ದನ್ನು ಎಲ್ಲಿ ಸುರಿಯುತ್ತಾರೆ, ಎಲ್ಲಾ ಆಗ ಕಾಣಿಸುತ್ತದೆ. ಬೆಳಿಗ್ಗೆ ಆರಕ್ಕೆ ಒಬ್ಬರು ಕೂತ ಜಾಗದಲ್ಲೇ ಸಂಜೆ ಐದಕ್ಕೆ ಇನ್ನೊಬ್ಬರು ಕೂತಿರುತ್ತಾರೆ. ಹಗಲಲ್ಲಿ ಒಂದೇ ಸಲ ಎಣಿಸಿದರೆ ಅರ್ಧ ಜನ ಲೆಕ್ಕಕ್ಕೇ ಸಿಗುವುದಿಲ್ಲ. ಹಾಗೆ ಬಿಟ್ಟುಹೋಗುವವರು ಸಾಮಾನ್ಯವಾಗಿ ಹೆಂಗಸರು. ಮನೆಗೆಲಸ ಮುಗಿಸಿ ಎರಡು ಗಂಟೆ ಬುಟ್ಟಿ ಇಟ್ಟು ಹೋಗುವವರು. ಪಟ್ಟಿಯಲ್ಲಿ ಹೆಸರಿಲ್ಲದ ಮೇಲೆ ಮಳಿಗೆ ಎಲ್ಲಿಂದ ಬರಬೇಕು?

ಜಾಗದ ವಿಷಯಕ್ಕೆ ಬರೋಣ. ಬಡ ಬಡಾವಣೆಗೆ ಮಾರುಕಟ್ಟೆ ಅಂದ ಕೂಡಲೇ ನೀವು ಹುಡುಕುವುದು ಸರ್ಕಾರದ ಖಾಲಿ ನಿವೇಶನ. ಅದು ಖಾಲಿ ಯಾಕಿದೆ ಅಂತ ಯಾರೂ ಕೇಳುವುದಿಲ್ಲ. ಅತ್ತ ಜನ ಓಡಾಡಲ್ಲ, ಅದಕ್ಕೇ ಖಾಲಿ. ದಕ್ಷಿಣ ಆಫ್ರಿಕಾದ ಡರ್ಬನ್ ನಗರದಲ್ಲಿ ವಾರ್ವಿಕ್ ಜಂಕ್ಷನ್ ಅಂತ ಒಂದು ಸಾರಿಗೆ ಕೂಟ ಇದೆ. ರೈಲು, ಬಸ್ಸು, ಟ್ಯಾಕ್ಸಿ ಎಲ್ಲಾ ಸೇರುವ ಕಡೆ. ದಿನಕ್ಕೆ ಸುಮಾರು 4 ಲಕ್ಷ 60 ಸಾವಿರ ಜನ ಹಾದುಹೋಗುತ್ತಾರೆ ಅನ್ನುವುದು ಅಲ್ಲಿನ ಲೆಕ್ಕ. ಆ ಕಾಲ್ದಾರಿಗಳ ಉದ್ದಕ್ಕೂ ಸಾವಿರಾರು ವ್ಯಾಪಾರಿಗಳು. 1990ರ ದಶಕದಲ್ಲಿ ನಗರಸಭೆ ಅವರನ್ನು ಓಡಿಸುವ ಬದಲು ಅವರ ಜೊತೆ ಕೂತು ಕೆಲಸ ಮಾಡಿತು. ಕಟ್ಟಿ ಅರ್ಧಕ್ಕೆ ಬಿಟ್ಟಿದ್ದ ಹೆದ್ದಾರಿಯ ಮೇಲ್ಸೇತುವೆಯೊಂದು ಅಲ್ಲಿ ಸುಮ್ನೆ ಬಿದ್ದಿತ್ತು. ಅದನ್ನೇ ನಾಟಿ ಔಷಧದ ಬೇರು, ತೊಗಟೆ ಮಾರುವವರ ಮಾರುಕಟ್ಟೆ ಮಾಡಿದರು. ಅದಕ್ಕೆ ಪಾದಚಾರಿ ಸೇತುವೆ ಜೋಡಿಸಿದರು. ಜನ ಹೇಗೂ ಆ ದಾರಿಯಲ್ಲೇ ನಡೆಯುತ್ತಿದ್ದರು. ನನ್ನ ಮೇಲಂತಸ್ತಿಗೂ ಆ ಮೇಲ್ಸೇತುವೆಗೂ ಇರುವ ವ್ಯತ್ಯಾಸ ಇಷ್ಟೇ. ಎರಡೂ ಎತ್ತರದಲ್ಲೇ ಇವೆ. ಅಲ್ಲಿ ಎತ್ತರವೇ ಜನರ ದಾರಿ. ನಾನು ಬರೆದಿದ್ದರಲ್ಲಿ ಅದು ದಾರಿ ತಪ್ಪಿದವರು ಮಾತ್ರ ಬರುವ ಜಾಗ.

ಇದೇ ಡರ್ಬನ್ನಿನಲ್ಲಿ 2009ರಲ್ಲಿ ಆಡಳಿತಕ್ಕೆ ಇನ್ನೊಂದು ಬುದ್ಧಿ ಬಂತು. ಮರುವರ್ಷ ವಿಶ್ವಕಪ್ ಫುಟ್ಬಾಲ್. 1910ರಿಂದ ನಡೆದುಬಂದ ಬೆಳಗಿನ ಮಾರುಕಟ್ಟೆಯನ್ನು ಕೆಡವಿ ಮಾಲ್ ಕಟ್ಟುವ ಯೋಜನೆ. ವ್ಯಾಪಾರಿಗಳು ಬೀದಿಗಿಳಿದರು, ಕೋರ್ಟಿಗೆ ಹೋದರು. 2011ರಲ್ಲಿ ನಗರಸಭೆ ಯೋಜನೆ ಕೈಬಿಟ್ಟಿತು. ಮಾರುಕಟ್ಟೆ ಉಳಿಯಿತು. ಒಂದೇ ಊರು, ಹೆಚ್ಚುಕಡಿಮೆ ಒಂದೇ ಜಾಗ, ಎರಡು ಬಗೆಯ ಆಡಳಿತ. ಹಾಗಾಗಿ ಒಳ್ಳೆಯ ಅಧಿಕಾರಿ ಸಿಕ್ಕರೆ ಸಾಕು ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಒಳ್ಳೆಯವರು ವರ್ಗವಾಗಿ ಹೋಗುತ್ತಾರೆ. ಒಪ್ಪಂದ ಕಾಗದದ ಮೇಲಿರಬೇಕು.

ಇನ್ನು ಕಟ್ಟಡ. ಕಸುಬಿನ ಮಾತು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲ ದಿನವೇ ಕಟ್ಟಡ ಬೇಕಾಗಿಲ್ಲ. ಅಮೆರಿಕದ ಸಿಯಾಟಲ್ ನಗರದ ಪೈಕ್ ಪ್ಲೇಸ್ ಮಾರುಕಟ್ಟೆ ಶುರುವಾದದ್ದು 1907ರ ಆಗಸ್ಟ್ 17ರಂದು. ಈರುಳ್ಳಿ ಬೆಲೆ ವಿಪರೀತ ಏರಿ, ಮಧ್ಯವರ್ತಿಗಳ ಮೇಲೆ ಜನರಿಗೆ ಸಿಟ್ಟು ಬಂದಿದ್ದ ಕಾಲ. ನಗರಸಭೆ ಒಂದು ರಸ್ತೆ ತೋರಿಸಿ, ರೈತರು ಗಾಡಿ ತಂದು ನೇರವಾಗಿ ಮಾರಲಿ ಅಂದಿತು. ಅಷ್ಟೇ. ಬಂದದ್ದು ಬೆರಳೆಣಿಕೆಯ ಗಾಡಿಗಳು. ಜನ ಮುಗಿಬಿದ್ದು ಕೊಂಡರು. ಸೂರು ಬಂದದ್ದು ಆಮೇಲೆ, ಅದೇ ವರ್ಷದ ನವೆಂಬರಿನಲ್ಲಿ. ಮೊದಲು ವ್ಯಾಪಾರ, ಆಮೇಲೆ ಚಾವಣಿ. ನಾವು ಉಲ್ಟಾ ಮಾಡುತ್ತೇವೆ. ಕಾಂಪೌಂಡ್ ಕಟ್ಟಿ, ಕಮಾನು ನಿಲ್ಲಿಸಿ, ಹೆಸರು ಕೆತ್ತಿಸಿ, ಕೊನೆಗೆ ವ್ಯಾಪಾರಿ ಎಲ್ಲಿ ಅಂತ ಹುಡುಕುತ್ತೇವೆ.

ನನ್ನ ಸಲಹೆ: ಮೊದಲ ಒಂದು ವರ್ಷ ನೆಲ, ಚರಂಡಿ, ನೀರು, ಶೌಚಾಲಯ, ದೀಪ, ಇಷ್ಟೇ ಮಾಡಿ. ವ್ಯಾಪಾರಕ್ಕೆ ಕೂರುವ ಕಟ್ಟೆಗಳ ಗೆರೆಯನ್ನು ಸುಣ್ಣದಲ್ಲಿ ಎಳೆದು ಬಿಡಿ. ಜನ ಕೂರಲಿ. ಮೂರು ತಿಂಗಳಲ್ಲಿ ಗೆರೆ ಎಲ್ಲಿ ತಪ್ಪಿದೆ ಅಂತ ಅವರೇ ತೋರಿಸುತ್ತಾರೆ. ಸುಣ್ಣದ ಗೆರೆ ಅಳಿಸಿ ಮತ್ತೆ ಎಳೆಯಬಹುದು. ಕಾಂಕ್ರೀಟಿನ ಗೋಡೆಯನ್ನು ಹಾಗೆ ಮಾಡಲಾಗದು.

ನೆಲದ ಬಗ್ಗೆ ಒಂದು ಮಾತು. ಮಾರುಕಟ್ಟೆ ಗೆಲ್ಲುವುದೂ ಸೋಲುವುದೂ ನೆಲದಲ್ಲಿ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಇರಲೇಬೇಕು, ಮೀನು ಮಾಂಸದ ಕಡೆ ಅದರ ಎರಡರಷ್ಟು. ಚರಂಡಿ ಗಿರಾಕಿ ನಡೆಯುವ ದಾರಿಯ ನಡುವೆ ಇರಲಿ, ವ್ಯಾಪಾರಿಯ ಬೆನ್ನ ಹಿಂದೆ ಬೇಡ. ಬೆನ್ನ ಹಿಂದಿನ ಚರಂಡಿಯನ್ನು ಯಾರೂ ಗುಡಿಸುವುದಿಲ್ಲ, ಅದು ಕಸದ ಗುಂಡಿಯಾಗುತ್ತದೆ. ಮುಚ್ಚಳದ ಜಾಲರಿ ಒಬ್ಬರೇ ಎತ್ತುವಷ್ಟು ಹಗುರ ಇರಲಿ. ಹಾಗಂತ ಕದ್ದೊಯ್ಯುವಷ್ಟು ಹಗುರ ಬೇಡ. ನಗಬೇಡಿ, ಇದು ನಿಜವಾದ ಸಮಸ್ಯೆ. ಸರಪಳಿ ಹಾಕಿ ಬೆಸುಗೆ ಮಾಡಿದರೆ ಮುಗಿಯಿತು.

ಕಟ್ಟೆಯ ಎತ್ತರವನ್ನು ಪುಸ್ತಕ ನೋಡಿ ಬರೆಯಬೇಡಿ. ಕೂತು ಮಾರುವವರಿಗೆ ಒಂದು ಎತ್ತರ, ನಿಂತು ಮಾರುವವರಿಗೆ ಇನ್ನೊಂದು. ಎರಡೂ ಬೇಕು. ಎಲ್ಲರಿಗೂ ಬಾಗಿಲಿರುವ ಮಳಿಗೆಯನ್ನೇ ಕೊಡುವ ಹಟವೂ ಬೇಡ. ಬಾಗಿಲಿರುವ ಮಳಿಗೆ ಗೋದಾಮು ಆಗಿಬಿಡುತ್ತದೆ. ಸಾಮಾನು ಒಳಗೆ, ವ್ಯಾಪಾರ ಹೊರಗೆ ಹಜಾರದಲ್ಲಿ. ಸಣ್ಣ ವ್ಯಾಪಾರಿಗೆ ಬೇಕಾದ್ದು ಹಗಲಿಗೆ ಒಂದು ಕಟ್ಟೆ, ರಾತ್ರಿಗೆ ಉಳಿದ ಮಾಲನ್ನು ಬೀಗ ಹಾಕಿ ಇಡಲು ಒಂದು ಪೆಟ್ಟಿಗೆಯಷ್ಟು ಜಾಗ. ಈ ಎರಡನೆಯದನ್ನು ನಾನು ನೋಡಿದ ಯಾವ ನಕ್ಷೆಯಲ್ಲೂ ಕಂಡಿಲ್ಲ. ನನ್ನದರಲ್ಲೂ ಇರಲಿಲ್ಲ.

ಚಾವಣಿ ಎತ್ತರವಾಗಿರಲಿ, ತಿಳಿ ಬಣ್ಣದ್ದಾಗಿರಲಿ, ನೆತ್ತಿಯಲ್ಲಿ ಬಿಸಿ ಗಾಳಿ ಹೋಗಲು ಸೀಳು ಇರಲಿ. ಇಷ್ಟಾದರೆ ಫ್ಯಾನಿನ ಖರ್ಚು ಬಹಳ ಇಳಿಯುತ್ತದೆ. ಬುರ್ಕಿನಾ ಫಾಸೊ ದೇಶದ ಕೂದುಗೂ ಪಟ್ಟಣದ ಮಾರುಕಟ್ಟೆಯನ್ನು ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆಯಲ್ಲೇ ಕಟ್ಟಿದ್ದಾರೆ. ಕಮಾನು, ಗುಮ್ಮಟ ಎಲ್ಲಾ ಅದರದೇ. ಕಟ್ಟುತ್ತಲೇ ಊರಿನ ಗಾರೆಯವರಿಗೆ ಆ ಕೆಲಸ ಕಲಿಸಿದರು. 2007ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಮಣ್ಣಿನ ಕಟ್ಟಡ ಬಿಸಿಲಲ್ಲಿ ತಂಪು ಅನ್ನುವುದು ಒಂದು ಲಾಭ. ಕೆಟ್ಟುಹೋದರೆ ರಿಪೇರಿ ಮಾಡುವವರು ಆ ಊರಲ್ಲೇ ಸಿಗುತ್ತಾರೆ ಅನ್ನುವುದು ಅದಕ್ಕಿಂತ ದೊಡ್ಡದು. ದೂರದಿಂದ ತರಿಸಿದ ಗಾಜು, ಅಲ್ಯುಮಿನಿಯಂ ಹಾಳೆ ಒಡೆದರೆ ಒಡೆದಂತೆಯೇ ಇರುತ್ತದೆ.

ಮಳೆನೀರು ಹಿಡಿಯುವುದನ್ನು ಮರೆಯಬೇಡಿ. 1,000 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚುಕಡಿಮೆ 10,000 ಲೀಟರ್. ನೆಲ ತೊಳೆಯಲು, ಶೌಚಾಲಯಕ್ಕೆ ಅದು ಸಾಕು. ಸೊಪ್ಪಿಗೆ ಚಿಮುಕಿಸುವುದಕ್ಕೆ ಮಾತ್ರ ಕುಡಿಯುವ ನೀರೇ ಬೇಕು. ಎರಡು ಪೈಪನ್ನು ಬೇರೆ ಬೇರೆ ಬಣ್ಣದಲ್ಲಿ ಹಾಕಿ.

ಬೆಂಕಿ. 2018ರ ಜೂನ್ 28ರಂದು ಕೆನ್ಯಾದ ನೈರೋಬಿಯ ಗಿಕೊಂಬಾ ಮಾರುಕಟ್ಟೆಯಲ್ಲಿ ಬೆಂಕಿ ಬಿದ್ದು 15 ಜನ ಸತ್ತರು. ಅಲ್ಲಿ ಬೆಂಕಿ ಅದೇ ಮೊದಲಲ್ಲ. ಹಜಾರದ ಅಗಲವನ್ನು ಅಗ್ನಿಶಾಮಕದವರನ್ನು ಕರೆಸಿ ನಿರ್ಧರಿಸಿ. ಆಮೇಲೆ ಆ ಅಗಲವನ್ನು ಒಂದಿಂಚೂ ಬಿಟ್ಟುಕೊಡಬೇಡಿ. ಈ ಒಂದು ವಿಷಯದಲ್ಲಿ ವ್ಯಾಪಾರಿಗಳ ಜೊತೆ ಜಗಳ ಆದರೂ ಪರವಾಗಿಲ್ಲ.

ಶೌಚಾಲಯದ ಮಾತು ಬಂದಾಗ ಸಭೆಗಳಲ್ಲಿ ಎಲ್ಲರೂ ಗಡಿಯಾರ ನೋಡುತ್ತಾರೆ. ಬೆಳಗಿನ ಜಾವದಿಂದ ರಾತ್ರಿವರೆಗೆ ಒಂದು ಕಡೆ ಕೂರುವ ಹೆಂಗಸಿಗೆ ಹೋಗಲು ಜಾಗವಿಲ್ಲದಿದ್ದರೆ ಏನು ಮಾಡುತ್ತಾಳೆ? ನೀರು ಕುಡಿಯುವುದನ್ನು ಬಿಡುತ್ತಾಳೆ. ಆಮೇಲೆ ಆಸ್ಪತ್ರೆ. ಶೌಚಾಲಯವನ್ನು ಮೂಲೆಯಲ್ಲಿ, ಕತ್ತಲೆಯಲ್ಲಿ, ಕಸದ ಗುಂಡಿಯ ಪಕ್ಕದಲ್ಲಿ ಕಟ್ಟುವುದು ನಮ್ಮ ಕಸುಬಿನವರ ಹಳೆಯ ಚಾಳಿ. ಪಾಪುವಾ ನ್ಯೂಗಿನಿಯ ಪೋರ್ಟ್ ಮೋರ್ಸ್ಬಿಯಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗದ ಜೊತೆ ಸೇರಿ 2011ರಲ್ಲಿ ಮಾರುಕಟ್ಟೆಗಳ ಅಧ್ಯಯನ ನಡೆಯಿತು. ಮಾತಾಡಿಸಿದ ಹೆಂಗಸರಲ್ಲಿ ಶೇ 55ರಷ್ಟು ಜನ ಮಾರುಕಟ್ಟೆಯಲ್ಲಿ ಒಂದಲ್ಲ ಒಂದು ಬಗೆಯ ಲೈಂಗಿಕ ಹಿಂಸೆ ಅನುಭವಿಸಿದ್ದರು. ಆಮೇಲೆ ಗೆರೆಹು ಮಾರುಕಟ್ಟೆಯನ್ನು ಹೊಸದಾಗಿ ಮಾಡುವಾಗ ಕಟ್ಟೆ, ನಲ್ಲಿ ನೀರು, ಶೌಚಾಲಯ, ಸ್ನಾನದ ಮನೆ ಬಂದವು. ವ್ಯಾಪಾರಿಗಳ ಸಂಘ ಬಂತು. ಇನ್ನೊಂದು ಜಾಣತನದ ಕೆಲಸವೂ ಆಯಿತು. ನೆಲಬಾಡಿಗೆಯನ್ನು ಮೊಬೈಲ್ ಮೂಲಕ ಕಟ್ಟುವ ವ್ಯವಸ್ಥೆ. ಕೈಯಿಂದ ಕೈಗೆ ನಗದು ಹೋಗುವುದು ನಿಂತರೆ ದುಡ್ಡಿಗಾಗಿ ಬೆದರಿಸುವವರ ಕೈಯೂ ಅಷ್ಟರಮಟ್ಟಿಗೆ ಕಟ್ಟುತ್ತದೆ. ದೀಪ, ಬೀಗ, ರಸೀದಿ: ಹೆಂಗಸರ ಸುರಕ್ಷತೆ ಅಂದರೆ ಇಂಥ ಸಣ್ಣಪುಟ್ಟ ಸಾಮಾನು. ಗೋಡೆ ಮೇಲಿನ ಘೋಷಣೆ ಅಲ್ಲ. ಮಗು ಮಲಗಿಸಲು ಒಂದು ಕೋಣೆ ಇದ್ದರಂತೂ ತುಂಬಾ ಒಳ್ಳೆಯದು.

ಈಗ ಕಸ ಮತ್ತು ತಂಪು. ಇವೆರಡನ್ನೂ ಒಟ್ಟಿಗೇ ನೋಡಬೇಕು. ಯಾಕೆಂದರೆ ಇಂದು ತಂಪಾಗಿ ಉಳಿಯದ್ದು ನಾಳೆಯ ಕಸ. ಕೊಯ್ಲಿನಿಂದ ಚಿಲ್ಲರೆ ಅಂಗಡಿಗೆ ಬರುವ ಮುಂಚೆಯೇ ಜಗತ್ತಿನ ಆಹಾರದಲ್ಲಿ ಸುಮಾರು ಶೇ 14 ಹಾಳಾಗುತ್ತದೆ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. ಅಂಗಡಿಗೆ ಬಂದ ಮೇಲೆ ಕೊಳೆಯುವುದು ಬೇರೆ. ಸಣ್ಣ ವ್ಯಾಪಾರಿ ಸಂಜೆ ಏಳಕ್ಕೆ ಅರ್ಧ ಬೆಲೆಗೆ ಮಾರುವುದು ಧಾರಾಳತನದಿಂದಲ್ಲ, ನಾಳೆ ಅದು ಬಾಡಿಹೋಗುತ್ತದೆ ಅನ್ನುವ ಭಯದಿಂದ.

ನೈಜೀರಿಯದಲ್ಲಿ ಕೋಲ್ಡ್‌ಹಬ್ಸ್ ಅನ್ನುವ ಸಂಸ್ಥೆ ಮಾರುಕಟ್ಟೆಗಳ ಒಳಗೇ ಸೌರ ವಿದ್ಯುತ್ತಿನಿಂದ ನಡೆಯುವ ಶೀತಲ ಕೋಣೆ ಇಟ್ಟಿದೆ. ವ್ಯಾಪಾರಿ ಯಂತ್ರ ಕೊಳ್ಳಬೇಕಿಲ್ಲ. ದಿನಕ್ಕೆ ಒಂದು ಕ್ರೇಟಿಗೆ ಇಷ್ಟು ಅಂತ ಬಾಡಿಗೆ. ಎರಡು ದಿನ ಇರುತ್ತಿದ್ದ ಮಾಲು 21 ದಿನದವರೆಗೆ ಉಳಿಯುತ್ತದೆ ಅನ್ನುತ್ತದೆ ಆ ಸಂಸ್ಥೆ. ನನಗೆ ಇದರಲ್ಲಿ ಇಷ್ಟವಾದದ್ದು ಯಂತ್ರಕ್ಕಿಂತ ಆ ಕ್ರೇಟಿನ ಲೆಕ್ಕ. ಒಂದೇ ಬುಟ್ಟಿ ಇರುವವರೂ ಒಳಗೆ ಇಡಬಹುದು. ಅದೇ ದೇಶದ ಮೇಷ್ಟ್ರು ಮೊಹಮ್ಮದ್ ಬಾ ಅಬ್ಬಾ ಮಡಕೆಯೊಳಗೆ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ ತಂಪು ಮಾಡುವ ಹಳೆಯ ಉಪಾಯವನ್ನು ಮನೆಮನೆಗೆ ತಲುಪಿಸಿದರು. ಅವರ ಪ್ರಯೋಗದಲ್ಲಿ ಮೂರು ದಿನಕ್ಕೆ ಬಾಡುವ ಬದನೆಕಾಯಿ 27 ದಿನ ಇತ್ತಂತೆ. ಒಂದು ಎಚ್ಚರಿಕೆ ಹೇಳಲೇಬೇಕು. ನೀರು ಆರುವಾಗ ಮಾತ್ರ ಮಡಕೆ ತಂಪಾಗುತ್ತದೆ. ಒಣ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯಂಥ ಬೆವರಿಳಿಸುವ ಹವೆಯಲ್ಲಿ ಅಷ್ಟಕ್ಕಷ್ಟೇ. ಎಲ್ಲೋ ಓದಿದೆವು ಅಂತ ನೂರು ಮಡಕೆಗೆ ಟೆಂಡರ್ ಕರೆಯಬೇಡಿ.

ಉಳಿದ ಕಸಕ್ಕೆ ಹೈದರಾಬಾದಿನ ಬೋವೆನಪಲ್ಲಿ ತರಕಾರಿ ಮಾರುಕಟ್ಟೆ ನೋಡಿ. 2021ರ ಲೆಕ್ಕದ ಪ್ರಕಾರ ದಿನಕ್ಕೆ ಸುಮಾರು 10 ಟನ್ ತರಕಾರಿ ಕಸದಿಂದ ಅನಿಲ ತೆಗೆದು 500 ಯೂನಿಟ್ ವಿದ್ಯುತ್ತು ಮಾಡುತ್ತಿದ್ದರು. ಜೊತೆಗೆ 30 ಕಿಲೊದಷ್ಟು ಅಡುಗೆ ಇಂಧನ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಇಂಥ ಸ್ಥಾವರ ಕೆಡುವುದು ಯಂತ್ರದ ದೋಷದಿಂದ ಅಂತ ತಿಳಿಯಬೇಡಿ. ಪ್ಲಾಸ್ಟಿಕ್ ಚೀಲ, ಹುರಿ, ಥರ್ಮೊಕೋಲ್ ಒಳಗೆ ಹೋದರೆ ಕೆಡುತ್ತದೆ. ಇನ್ನೊಂದು, ಹಣ್ಣು ತರಕಾರಿಯ ಕಸ ಬೇಗ ಹುಳಿಯಾಗುತ್ತದೆ. ಅದೊಂದನ್ನೇ ಒಂದೇ ಸಲ ಸುರಿದರೆ ಅನಿಲ ಹುಟ್ಟಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಸಗಣಿಯಂಥದ್ದನ್ನು ಬೆರೆಸಿ, ಹದ ನೋಡಿ ಹಾಕಬೇಕು. ಅಂದರೆ ಬೇಕಾದ್ದು ದಿನಾ ನೋಡಿಕೊಳ್ಳುವ ಇಬ್ಬರು ಮನುಷ್ಯರು ಮತ್ತು ಅವರಿಗೆ ತಿಂಗಳು ತಪ್ಪದ ಸಂಬಳ. ಯೋಜನೆಯಲ್ಲಿ ಯಂತ್ರಕ್ಕೆ ದುಡ್ಡು ಇರುತ್ತದೆ, ಆ ಇಬ್ಬರಿಗೆ ಇರುವುದಿಲ್ಲ. ಅಷ್ಟು ಮಾಡಲಾಗದಿದ್ದರೆ ಗೊಬ್ಬರದ ಗುಂಡಿ ಮಾಡಿ, ಸಾಕು. ಅದು ತಪ್ಪು ಮಾಡಿದರೂ ಕ್ಷಮಿಸುತ್ತದೆ.

ದುಡ್ಡಿನ ಮಾತಿಗೆ ಬಂದೆ. ಸುಸ್ಥಿರ ಅನ್ನುವ ಪದವನ್ನು ಸೌರ ಫಲಕಕ್ಕೆ ಮಾತ್ರ ಅಂಟಿಸುವುದು ಸಾಕು. ಹತ್ತನೇ ವರ್ಷದಲ್ಲಿ ಶೌಚಾಲಯಕ್ಕೆ ಬೀಗ ಬೀಳದಿರುವುದೂ ಸುಸ್ಥಿರತೆಯೇ. ಅದಕ್ಕೆ ಎಲ್ಲಿಂದ ದುಡ್ಡು? ಕಟ್ಟಿದ ಖರ್ಚನ್ನು ಬಾಡಿಗೆಯಿಂದ ವಸೂಲು ಮಾಡುತ್ತೇವೆ ಅಂದರೆ ಬಾಡಿಗೆ ಏರುತ್ತದೆ, ಬಡ ವ್ಯಾಪಾರಿ ಬಿಡುತ್ತಾನೆ, ಮೊಬೈಲ್ ಅಂಗಡಿ ಬರುತ್ತದೆ. ಮಳಿಗೆಗಳನ್ನು ಹರಾಜು ಹಾಕಿದರೂ ಅದೇ ಕಥೆ. ಹರಾಜಿನಲ್ಲಿ ಗೆಲ್ಲುವವರು ಮಾರುವವರಲ್ಲ, ಒಳಬಾಡಿಗೆಗೆ ಕೊಡುವವರು. ಕಟ್ಟುವ ಖರ್ಚು ರಸ್ತೆ, ಉದ್ಯಾನದ ಖರ್ಚಿನ ಹಾಗೆ ನಗರದ್ದೇ ಆಗಿರಲಿ. ಬಾಡಿಗೆಯಿಂದ ನಿರ್ವಹಣೆ ಮಾತ್ರ ಹುಟ್ಟಲಿ. ಆ ದುಡ್ಡು ಮಾರುಕಟ್ಟೆಯ ಖಾತೆಯಲ್ಲೇ ಇರಲಿ. ನಗರದ ಸಾಮಾನ್ಯ ಖಾತೆಗೆ ಹೋದ ದುಡ್ಡು ನಲ್ಲಿ ರಿಪೇರಿಗೆ ವಾಪಸ್ಸು ಬಂದದ್ದನ್ನು ನಾನಂತೂ ನೋಡಿಲ್ಲ.

ಬ್ರೆಜಿಲ್ಲಿನ ಬೆಲೊ ಒರಿಜಾಂಚಿ ನಗರ ಇಲ್ಲಿ ಒಂದು ಚಂದದ ಚೌಕಾಸಿ ಮಾಡಿತು. 1993ರಲ್ಲಿ ಅಲ್ಲಿನ ನಗರಾಡಳಿತ ಆಹಾರ ಪೂರೈಕೆಗೇ ಒಂದು ವಿಭಾಗ ತೆರೆಯಿತು. ಜನ ಓಡಾಡುವ ಒಳ್ಳೆಯ ಜಾಗಗಳನ್ನು ವ್ಯಾಪಾರಿಗಳಿಗೆ ಕೊಟ್ಟಿತು. ಬದಲಿಗೆ ಎರಡು ಷರತ್ತು. ಸುಮಾರು ಇಪ್ಪತ್ತು ಬಗೆಯ ಪದಾರ್ಥವನ್ನು ನಗರ ಗೊತ್ತು ಮಾಡಿದ ಕಡಿಮೆ ಬೆಲೆಗೆ ಮಾರಬೇಕು. ಒಳ್ಳೆಯ ಜಾಗ ಸಿಕ್ಕವರು ವಾರದ ಕೊನೆಗೆ ಲಾರಿ ತುಂಬಿಕೊಂಡು ಹೊರವಲಯದ ಬಡ ಬಡಾವಣೆಗಳಿಗೆ ಹೋಗಿ ಮಾರಬೇಕು. ನಗರ ದುಡ್ಡು ಹಂಚಲಿಲ್ಲ, ತನ್ನ ನೆಲದ ಬೆಲೆಯನ್ನು ಬಳಸಿಕೊಂಡಿತು. ನಿಮ್ಮ ಹತ್ತಿರವೂ ಇಂಥ ಜಾಗಗಳಿವೆ. ಅವನ್ನು ಯಾರಿಗೆ, ಯಾವ ಷರತ್ತಿಗೆ ಕೊಟ್ಟಿದ್ದೀರಿ ಅಂತ ಒಮ್ಮೆ ಕಡತ ತೆಗೆದು ನೋಡಿ.

ನಡೆಸುವವರು ಯಾರು ಅನ್ನುವುದನ್ನು ಕಟ್ಟುವ ಮುಂಚೆಯೇ ತೀರ್ಮಾನಿಸಿ. ಸಿಯಾಟಲ್ಲಿನ ಮಾರುಕಟ್ಟೆಯನ್ನು ಕೆಡವುವ ಯೋಜನೆ ಬಂದಾಗ 1971ರಲ್ಲಿ ಊರಿನವರು ಮತ ಹಾಕಿ ಉಳಿಸಿಕೊಂಡರು. 1973ರಲ್ಲಿ ಅದಕ್ಕೇ ಒಂದು ಸಾರ್ವಜನಿಕ ಪ್ರಾಧಿಕಾರ ಮಾಡಿದರು. ಈಗ ಆ ಆವರಣದಲ್ಲೇ ಕಡಿಮೆ ಆದಾಯದವರ ಮನೆಗಳಿವೆ, ಕ್ಲಿನಿಕ್, ಶಿಶುವಿಹಾರ, ವಯಸ್ಸಾದವರ ಕೇಂದ್ರ ಇವೆ. ಸ್ಪೇನಿನ ಬಾರ್ಸಿಲೋನಾದಲ್ಲೂ ಮಾರುಕಟ್ಟೆಗಳಿಗೇ ಮೀಸಲಾದ ನಗರ ಸಂಸ್ಥೆ ಇದೆ. 1882ರ ಸಾಂತ್ ಆಂತೊನಿ ಮಾರುಕಟ್ಟೆಯ ದುರಸ್ತಿ 2009ರಿಂದ 2018ರವರೆಗೆ ನಡೆಯಿತು. ಒಂಬತ್ತು ವರ್ಷ! ಆದರೂ ವ್ಯಾಪಾರ ನಿಲ್ಲಲಿಲ್ಲ. ಪಕ್ಕದ ರಸ್ತೆಯಲ್ಲೇ ತಾತ್ಕಾಲಿಕ ಸೂರು ಹಾಕಿ ಎಲ್ಲರನ್ನೂ ಅಲ್ಲಿ ಕೂರಿಸಿದ್ದರು. ನಾವಾಗಿದ್ದರೆ ಊರಾಚೆಗೆ ಎತ್ತಂಗಡಿ ಮಾಡಿ, ಆರು ತಿಂಗಳು ಅಂತ ಹೇಳಿ, ಗಿರಾಕಿಗಳು ಚದುರಿಹೋದ ಮೇಲೆ ವಾಪಸ್ಸು ಕರೆಯುತ್ತಿದ್ದೆವು. ಗಿರಾಕಿ ಅನ್ನುವುದು ಸಾಮಾನಲ್ಲ, ಗಂಟು ಕಟ್ಟಿ ಕೊಂಡೊಯ್ಯಲು.

ಅದೇ ಬಾರ್ಸಿಲೋನಾದ ಬೊಕೆರಿಯಾ ಮಾರುಕಟ್ಟೆಯದ್ದು ಬೇರೆ ಗೋಳು. ಅದು ಗೆದ್ದು ಸೋತಿತು. ಪ್ರವಾಸಿಗರು ಎಷ್ಟು ತುಂಬಿದರು ಅಂದರೆ, 2015ರಲ್ಲಿ ಶುಕ್ರವಾರ, ಶನಿವಾರಗಳಂದು 15 ಜನಕ್ಕಿಂತ ದೊಡ್ಡ ಗುಂಪು ಒಳಗೆ ಬರಬಾರದು ಅಂತ ನಿಯಮ ಮಾಡಬೇಕಾಯಿತು. ನೋಡಿ ಫೋಟೊ ತೆಗೆಯುವವರು ಬಂದರು, ದಿನಸಿ ಕೊಳ್ಳುವವರಿಗೆ ಜಾಗ ಇಲ್ಲ. ನಿಮ್ಮ ಬಡಾವಣೆಗೆ ಇದು ದೂರದ ಮಾತು ಅನ್ನಿಸಬಹುದು. ಆದರೆ ಮಾರುಕಟ್ಟೆ ಚೆನ್ನಾಗಿ ನಡೆದರೆ ಸುತ್ತಲಿನ ಮನೆ ಬಾಡಿಗೆ ಏರುತ್ತದೆ. ಅದಕ್ಕೇ ಈಗಲೇ ಹೇಳುತ್ತಿದ್ದೇನೆ. ಮಳಿಗೆಯ ಬಾಡಿಗೆಗೆ ಮಿತಿ ಇರಲಿ, ಹಕ್ಕು ಮಾರಾಟ ಆಗದಿರಲಿ, ದಿನಬಳಕೆಯ ಪದಾರ್ಥಕ್ಕೆ ಇಷ್ಟು ಕಟ್ಟೆ ಅಂತ ಮೀಸಲು ಇರಲಿ.

ಒಂದು ವಿಷಯ ಮುಚ್ಚಿಡಬಾರದು. ಹತ್ತಿರದಲ್ಲಿ ಮಾರುಕಟ್ಟೆ ಬಂದ ಮಾತ್ರಕ್ಕೆ ಜನರ ಊಟ ಸುಧಾರಿಸಿಬಿಡುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬಡವರ ಮತ್ತು ಉಳ್ಳವರ ಊಟದ ಪೌಷ್ಟಿಕತೆಯಲ್ಲಿರುವ ಅಂತರಕ್ಕೆ, ಏನು ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಅನ್ನುವುದರ ಪಾಲು ಸುಮಾರು ಶೇ 10 ಮಾತ್ರ ಅಂತ ಅದು ಹೇಳಿತು. ಅವರು ನೋಡಿದ್ದು ಮುಖ್ಯವಾಗಿ ಸೂಪರ್ ಮಾರ್ಕೆಟ್‌ಗಳನ್ನು, ಅದೂ ಒಂದು ಶ್ರೀಮಂತ ದೇಶದಲ್ಲಿ. ಎಲ್ಲ ಕಡೆಗೂ ಇದೇ ಲೆಕ್ಕ ಅಂತ ನಾನು ಹೇಳಲಾರೆ. ಆದರೂ ಉದ್ಘಾಟನಾ ಭಾಷಣದಲ್ಲಿ ಅಪೌಷ್ಟಿಕತೆ ತೊಲಗಿತು ಅನ್ನುವ ಮುಂಚೆ ಇದನ್ನು ನೆನಪಿಡಿ. ರಾತ್ರಿ ಎಂಟಕ್ಕೆ ಕೆಲಸದಿಂದ ಬಂದು, ಒಂದು ಒಲೆಯ ಮುಂದೆ ನಿಲ್ಲುವವರಿಗೆ ಬೇಕಾದ್ದು ಬೇರೆ. ಮಾರುಕಟ್ಟೆ ರಾತ್ರಿ ಒಂಬತ್ತೂವರೆಗೂ ತೆರೆದಿರಬೇಕು. ಕಾಲು ಕಿಲೊ, ಅರ್ಧ ಹಿಡಿ ಕೂಡ ಸಿಗಬೇಕು. ಹೆಚ್ಚಿದ ತರಕಾರಿ ಸಿಕ್ಕರೆ ಇನ್ನೂ ಒಳ್ಳೆಯದು. ಕೈಯಲ್ಲಿ ದುಡ್ಡಿಲ್ಲದ ದಿನ ನಾಳೆ ಕೊಡಿ ಅನ್ನುವವರು ಇರಬೇಕು. ಈ ಕೊನೆಯದನ್ನು ಯಾವ ಸೂಪರ್ ಮಾರ್ಕೆಟ್ಟೂ ಕೊಡುವುದಿಲ್ಲ. ಪರಿಚಯದ ವ್ಯಾಪಾರಿ ಕೊಡುತ್ತಾರೆ. ಅದಕ್ಕೇ ಹಳಬರನ್ನು ಅಲ್ಲೇ ಉಳಿಸಿ ಅಂತ ಇಷ್ಟು ಗೋಗರೆಯುತ್ತಿರುವುದು.

ನನ್ನ ಬೇಡಿಕೆ ದೊಡ್ಡದಲ್ಲ. ಟೆಂಡರ್ ಕರೆಯುವ ಮುಂಚೆ ಒಂದು ಹಾಳೆಯನ್ನು ಜನರ ಮುಂದೆ ಇಡಿ. ಅಲ್ಲಿ ಈಗ ಯಾರು ಯಾರು, ಯಾವ ಹೊತ್ತಿಗೆ, ಏನು ಮಾರುತ್ತಿದ್ದಾರೆ? ಕೆಲಸ ನಡೆಯುವಾಗ ಅವರು ಎಲ್ಲಿ ಕೂರುತ್ತಾರೆ? ಮುಗಿದ ಮೇಲೆ ಅವರ ಜಾಗ ಯಾವುದು, ಬಾಡಿಗೆ ಎಷ್ಟು? ಶೌಚಾಲಯ ತೊಳೆಯುವವರ ಸಂಬಳ ಯಾವ ಖಾತೆಯಿಂದ? ಈ ಹಾಳೆ ತುಂಬದ ಹೊರತು ನಕ್ಷೆಗೆ ಸಹಿ ಹಾಕಬೇಡಿ. ನಾನು ಬರೆದ ನಕ್ಷೆಯಾದರೂ ಸರಿ.

ಆ ಅಜ್ಜಿ ಈಗಲೂ ಗೇಟಿನ ಮುಂದೆಯೇ ಕೂರುತ್ತಾರೆ. ಮೇಲಂತಸ್ತಿನಲ್ಲಿ ಮುರಿದ ಕುರ್ಚಿ, ಹಳೆಯ ಕಡತ ತುಂಬಿಟ್ಟಿದ್ದಾರೆ. ಅಜ್ಜಿಯ ತಲೆ ಮೇಲೆ ಒಂದು ಸೂರು ಹಾಕಿಕೊಡಿ ಅಂತ ಅರ್ಜಿ ಕೊಟ್ಟಿದ್ದೇನೆ. ಅಲ್ಲಿ ವ್ಯಾಪಾರಕ್ಕೆ ಅನುಮತಿ ಇಲ್ಲ ಅನ್ನುವ ಉತ್ತರ ಬಂದಿದೆ.

ನಿಮ್ಮ ಎಣಿಕೆ ಯಾವ ದಿನ ಅಂತ ತಿಳಿಸಿ. ಬೆಳಗಿನ ಜಾವ ಮೂರಕ್ಕೆ ಬರುತ್ತೇನೆ. ಅಳತೆ ಟೇಪು ನಾನೇ ತರುತ್ತೇನೆ.

ಇಂತಿ,
ಮೇಲಂತಸ್ತು ಬರೆದು ಕೈಸುಟ್ಟುಕೊಂಡ ಒಬ್ಬ ನಕ್ಷೆಗಾರ